ಗಾಳಿಯಿಲ್ಲದ ಗಾಲಿ



ಗಾಲಿಗೂ ಗಾಳಿಗೂ ನಮ್ಮ ನುಡಿಯಲ್ಲಿ ಒಂದೇ ಅಕ್ಷರದ ಅಂತರ. ರಸ್ತೆಯ ಮೇಲಾದರೋ ಈ ಎರಡೂ 130 ವರ್ಷಗಳಿಗೂ ಮಿಗಿಲಾಗಿ ಜೊತೆಗೂಡಿಯೇ ಬಾಳುತ್ತಿವೆ. ಈಗ ಇವನ್ನು ಅಗಲಿಸುವ ಪ್ರಯತ್ನ ನಡೆದಿದೆ. ಗಾಳಿಯನ್ನೇ ತುಂಬದ, ಆದುದರಿಂದ ಎಂದಿಗೂ ಪಂಕ್ಚರಾಗದ ಟೈರನ್ನು ಕೆಲವು ಕಂಪನಿಗಳು ನಿರ್ಮಿಸಿವೆ. ಅದು ನಮ್ಮ ನಿಜವಾದ ರಸ್ತೆಗಳ ಮೇಲೆ ಹೇಗೆ ನಡೆದೀತು ಎಂಬುದನ್ನು ಈ ಹೊತ್ತು ವಿಚಾರಮಾಡೋಣ.

ಈ ವಿಷಯದಲ್ಲಿ ನಮಗೆ ಆಸಕ್ತಿ ಹುಟ್ಟಿದುದು ಪುಸ್ತಕದಿಂದಲ್ಲ. ಕೆಲವು ವರ್ಷಗಳ ಕೆಳಗೆ, ಮಳೆಗಾಲದ ಒಂದು ರಾತ್ರಿ, ಎದೆನೋವಿನಿಂದ ಬಳಲುತ್ತಿದ್ದ ನಮ್ಮ ಸೋದರತ್ತೆಯವರನ್ನು ಮಲೆನಾಡಿನ ಹಳ್ಳಿಯಿಂದ ಹಾಸನಕ್ಕೆ ಕಾರಿನಲ್ಲಿ ಕರೆದೊಯ್ಯುತ್ತಿದ್ದೆವು. ಸಕಲೇಶಪುರವನ್ನು ದಾಟಿದ ಮೇಲೆ, ನೀರು ತುಂಬಿ ಕಾಣದಂತಿದ್ದ ಗುಂಡಿಯೊಂದಕ್ಕೆ ಮುಂದಿನ ಚಕ್ರ ಇಳಿದು, ಟೈರಿನ ಪಕ್ಕೆ ಸೀಳಿತು. ಹಿಂದೆ ಇಟ್ಟಿದ್ದ ಬದಲಿ ಚಕ್ರವನ್ನು ತೆಗೆದು ನೋಡಿದರೆ, ಅದರಲ್ಲಿಯೂ ಗಾಳಿಯಿಲ್ಲ! ತಪ್ಪು ಮತ್ತಾರದೂ ಅಲ್ಲ, ನಮ್ಮದೇ. ಲಾರಿಯವನೊಬ್ಬನು ದಯೆಯಿಟ್ಟು ನಿಂತು, ತನ್ನ ಪಂಪಿನಿಂದ ಗಾಳಿ ತುಂಬಿಕೊಡುವ ವೇಳೆಗೆ ಒಂದು ಗಂಟೆ ಕಳೆದಿತ್ತು. ಅತ್ತೆಯವರು ಆ ಹೊತ್ತೆಲ್ಲ ಮಾತನಾಡದೆ ನಮ್ಮ ಕೈಯನ್ನು ಹಿಡಿದುಕೊಂಡಿದ್ದರು. ವೈದ್ಯರು ಪ್ರಾಣವನ್ನು ಉಳಿಸಿದರು. ಆದರೆ "ಇನ್ನೊಂದು ಗಂಟೆ ಮುಂಚೆ ಬಂದಿದ್ದರೆ ಹೃದಯಕ್ಕೆ ಇಷ್ಟು ಪೆಟ್ಟಾಗುತ್ತಿರಲಿಲ್ಲ" ಎಂದರು. ಅಂದಿನಿಂದ ಗಾಳಿಯಿಲ್ಲದ ಟೈರೆಂಬ ಮಾತು ಕಿವಿಗೆ ಬಿದ್ದಾಗಲೆಲ್ಲ ನಮ್ಮ ಮನಸ್ಸು ಅದರ ಪಕ್ಷವನ್ನೇ ವಹಿಸುತ್ತದೆ. ಆದರೆ ಮನಸ್ಸಿನ ಪಕ್ಷಪಾತ ಬೇರೆ, ವಸ್ತುವಿನ ಗುಣದೋಷ ಬೇರೆ.

ಗಾಳಿಯನ್ನು ಬಿಡುವ ಮುನ್ನ, ಗಾಳಿಯು ಮಾಡುತ್ತಿರುವ ಕೆಲಸವೇನೆಂಬುದನ್ನು ಅರಿಯಬೇಕು. ಗಾಳಿ ತುಂಬಿದ ಚಕ್ರಕ್ಕೆ 1845ರಲ್ಲಿಯೇ ರಾಬರ್ಟ್ ಥಾಮ್ಸನ್ ಎಂಬಾತನು ಪೇಟೆಂಟು ಪಡೆದಿದ್ದನು. ಅದು ಬಳಕೆಗೆ ಬಾರದೆ ಮರೆತುಹೋಯಿತು. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯನಾದ ಜಾನ್ ಬಾಯ್ಡ್ ಡನ್ಲಪ್ಪನು, ಮಗನ ಮೂರು ಚಕ್ರದ ಸೈಕಲ್ಲಿಗಾಗಿ ಹೂಡಿದ ಉಪಾಯಕ್ಕೆ ಪೇಟೆಂಟು ಪಡೆದ ಮೇಲೆ, ಅದು ಲೋಕವನ್ನೆಲ್ಲ ವ್ಯಾಪಿಸಿತು. ಕಬ್ಬಿಣದ ಪಟ್ಟಿ ಬಿಗಿದ ಎತ್ತಿನಗಾಡಿಯಲ್ಲಿಯೂ ಟೈರುಗಾಡಿಯಲ್ಲಿಯೂ ಕುಳಿತು ಹೋದವರಿಗೆ ಇದರ ಸುಖವನ್ನು ನಾವು ವಿವರಿಸಬೇಕಾಗಿಲ್ಲ.

ಒಂದು ಚಿಕ್ಕ ಲೆಕ್ಕವನ್ನು ನೋಡೋಣ. ಕಾರಿನ ಒಂದು ಚಕ್ರದ ಮೇಲೆ 770 ಪೌಂಡು ಭಾರವಿದೆ. ಟೈರಿನಲ್ಲಿ ಚದರಂಗುಲಕ್ಕೆ 32 ಪೌಂಡು ಒತ್ತಡವಿದೆ ಎನ್ನಿರಿ. ಆಗ ನೆಲವನ್ನು ಮುಟ್ಟುವ ಭಾಗ ಸುಮಾರು 24 ಚದರಂಗುಲ. ಎಂದರೆ ಬೆರಳು ಚಾಚಿದ ಒಂದು ಕೈಯಷ್ಟು. ಅಷ್ಟು ಜಾಗದಲ್ಲಿ ಗಾಳಿಯು ಭಾರವನ್ನು ಹೊರುತ್ತದೆ, ಕಲ್ಲಿನ ಪೆಟ್ಟನ್ನು ನುಂಗುತ್ತದೆ. ಮೇಲಾಗಿ, ಮನೆಮಂದಿಯೆಲ್ಲ ಮೂಟೆಗಳೊಡನೆ ಹೊರಟರೆ ಇನ್ನಷ್ಟು ಗಾಳಿ ತುಂಬಿ, ಹೆಚ್ಚಿನ ಭಾರಕ್ಕೆ ಅದನ್ನು ಹೊಂದಿಸಿಕೊಳ್ಳಬಹುದು. ಗಾಳಿಗೆ ತೂಕವೂ ಅತ್ಯಲ್ಪ, ಬೆಲೆಯೂ ಅತ್ಯಲ್ಪ. ಇಷ್ಟು ಅಗ್ಗದ ಆಳು ಬೇರೆಲ್ಲಿ ದೊರಕೀತು?

ಹೊಸ ಟೈರಿನಲ್ಲಿ ಈ ಕೆಲಸವನ್ನೆಲ್ಲ ಬಾಗುವ ಅರೆಗಳು ಮಾಡಬೇಕು. ಮಿಶೆಲಿನ್ ಕಂಪನಿಯು 2005ರಲ್ಲಿ 'ಟ್ವೀಲ್' ಎಂಬ ಇಂಥ ಚಕ್ರವನ್ನು ಪ್ರಕಟಿಸಿತು. ಹೊರಗೆ ರಬ್ಬರಿನ ಪಟ್ಟಿ, ನಡುವೆ ಗುಂಬ, ಎರಡಕ್ಕೂ ಬಂಧವಾಗಿ ಬಾಗುವ ಅರೆಗಳು. ನೆಲದ ಕಡೆಯ ಅರೆಗಳು ಮಡಿಯುತ್ತವೆ. ಮೇಲ್ಗಡೆಯವು ಬಿಗಿದುಕೊಂಡು, ತೊಟ್ಟಿಲನ್ನು ಹಗ್ಗಗಳು ಹಿಡಿದಿರುವಂತೆ, ಗುಂಬವನ್ನು ತೂಗಿ ಹಿಡಿಯುತ್ತವೆ. ಮಣ್ಣು ಗೋರುವ ಸಣ್ಣ ಯಂತ್ರಗಳಿಗೂ ಹುಲ್ಲು ಕತ್ತರಿಸುವ ಬಂಡಿಗಳಿಗೂ ಇದು ಚೆನ್ನಾಗಿ ಒಗ್ಗಿತು. 2019ರಲ್ಲಿ ಅದೇ ಕಂಪನಿಯು ಜನರಲ್ ಮೋಟರ್ಸಿನೊಡನೆ ಸೇರಿ, ಕಾರುಗಳಿಗಾಗಿ 'ಅಪ್ಟಿಸ್' ಎಂಬುದನ್ನು ತೋರಿಸಿ, 2024ರಷ್ಟು ಬೇಗನೆ ಮಾರಾಟಕ್ಕೆ ತರುವ ಆಶಯವನ್ನು ಸಾರಿತು. 2023ರಲ್ಲಿ ಸಿಂಗಪುರದ ಕೆಲವು ಬಟವಾಡೆ ವ್ಯಾನುಗಳಿಗೆ ಅದನ್ನು ತೊಡಿಸಿದ್ದೂ ಉಂಟು. ಆದರೆ 2024 ಮುಗಿದಾಗ ಸಾಮಾನ್ಯ ಗಿರಾಕಿಯ ಕೈಗೆ ಅದು ಬಂದಿರಲಿಲ್ಲ. ಈ ವಿಳಂಬದಿಂದ, ಗಾಳಿಯ ಸ್ಥಾನವನ್ನು ತುಂಬುವುದು ಸುಲಭವಲ್ಲವೆಂದು ಊಹಿಸಬಹುದು.

ಸಿಂಗಪುರದ ನುಣುಪಾದ ರಸ್ತೆ ಒಂದು. ನಮ್ಮ ರಸ್ತೆಗಳು ಇನ್ನೊಂದು. ಇಲ್ಲಿ ಮೊದಲನೆಯ ಪರೀಕ್ಷೆ ಶಾಖದ್ದು. ಚಕ್ರದ ಸುತ್ತಳತೆ 2 ಮೀಟರೆಂದಿಟ್ಟುಕೊಂಡರೆ, ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಅದು ನಿಮಿಷಕ್ಕೆ 500 ಸಲ ಉರುಳುತ್ತದೆ. ಒಂದೊಂದು ಅರೆಯೂ ಗಂಟೆಗೆ 30,000 ಸಲ ಬಾಗಿ ನಿಮಿರಬೇಕು. ಬಾಗಿದಾಗಲೆಲ್ಲ ಸ್ವಲ್ಪ ಶಕ್ತಿ ಶಾಖವಾಗಿ ವ್ಯಯವಾಗುತ್ತದೆ. ರಾಯಚೂರಿನ ಬೇಸಗೆಯಲ್ಲಿ, ಕಾದ ಟಾರಿನ ಮೇಲೆ ಈ ಶಾಖಕ್ಕೆ ಹೊರಗಿನ ಶಾಖವೂ ಕೂಡುತ್ತದೆ. ಎರಡನೆಯದು ಅದುರು. ಅರೆಗಳು ಒಂದರ ಹಿಂದೊಂದು ನೆಲಕ್ಕೆ ಬರುವುದರಿಂದ, ವೇಗ ಹೆಚ್ಚಿದಂತೆ ನಡುಕವೂ ಸದ್ದೂ ಹೆಚ್ಚುವ ಸ್ವಭಾವ ಈ ರಚನೆಗಿದೆ. ಮೂರನೆಯದು ಭಾರ. ಅರೆಗಳ ಬಿಗಿತವು ಕಾರ್ಖಾನೆಯಲ್ಲಿಯೇ ನಿಶ್ಚಯವಾಗಿಬಿಡುತ್ತದೆ. ಐವರ ಗಾಡಿಯಲ್ಲಿ ಎಂಟು ಜನರನ್ನು ಕೂರಿಸುವ ನಮ್ಮ ಔದಾರ್ಯ ಅದಕ್ಕೆ ತಿಳಿಯದು. ನಾಲ್ಕನೆಯದು ಕೆಸರು. ಅರೆಗಳ ಸಂದಿನಲ್ಲಿ ಸೇರಿದ ಎರೆಮಣ್ಣು ಒಣಗಿ ಗಟ್ಟಿಯಾದರೆ, ಚಕ್ರವು ಒಂದು ಮಗ್ಗುಲಿಗೆ ಭಾರವಾಗಿ ಓಲಾಡುತ್ತದೆ.

ಗುಣಗಳೂ ಅಲ್ಪವಲ್ಲ. ಮೊಳೆ ಚುಚ್ಚಿದರೆ ಚಿಂತೆಯಿಲ್ಲ. ವೇಗದಲ್ಲಿ ಟೈರು ಸಿಡಿದು ಗಾಡಿ ಮಗುಚುವ ಭಯವಿಲ್ಲ. ಗಾಳಿ ಕಡಮೆಯಾಗಿ ಟೈರು ಅಕಾಲದಲ್ಲಿ ಸವೆಯುವ ನಷ್ಟವಿಲ್ಲ. ಬದಲಿ ಚಕ್ರವನ್ನು ಹೊತ್ತು ತಿರುಗುವುದೂ ತಪ್ಪುತ್ತದೆ. 1971ರಲ್ಲಿ ಅಪೊಲೊ 15ರ ಯಾತ್ರಿಕರು ಚಂದ್ರನ ಮೇಲೆ ಓಡಿಸಿದ ಬಂಡಿಗೆ ಗಾಳಿಯ ಟೈರಿರಲಿಲ್ಲ. ಹೆಣೆದ ಉಕ್ಕಿನ ತಂತಿಯ ಚಕ್ರಗಳಿದ್ದವು. ಅಲ್ಲಿ ಪಂಕ್ಚರು ಹಾಕುವವರು ಸಿಕ್ಕುವುದಿಲ್ಲವಷ್ಟೆ! ಆದರೆ ಆ ಬಂಡಿಯ ಓಟ ನಿಧಾನವಾದುದು, ಭಾರವೂ ಹಗುರವಾದುದು.

ಇದೇ ನಮ್ಮ ನಿರ್ಣಯಕ್ಕೆ ದಾರಿತೋರುತ್ತದೆ. ನಿಧಾನವಾಗಿ ನಡೆಯುವ, ಭಾರವು ಮೊದಲೇ ಗೊತ್ತಿರುವ, ನಿಲ್ಲಲೇಬಾರದ ಬಂಡಿಗಳಿಗೆ ಈ ಟೈರು ಮೊದಲು ಬರಲಿ: ರೋಗಿಗಳ ಗಾಲಿಕುರ್ಚಿ, ಊರೊಳಗಿನ ಟಪಾಲು ಬಂಡಿ, ತೋಟದ ಯಂತ್ರ. ಅಲ್ಲಿ ತೇರ್ಗಡೆಯಾದ ಮೇಲೆ ಆಂಬುಲೆನ್ಸು. ಆಮೇಲೆ ನಮ್ಮ ನಿಮ್ಮ ಕಾರುಗಳು. ಪರೀಕ್ಷೆಯಾದರೂ ನುಣುಪಾದ ಪಥದಲ್ಲಲ್ಲ. ಆಷಾಢದ ಘಟ್ಟದಲ್ಲಿಯೂ ಚೈತ್ರದ ಬಯಲುಸೀಮೆಯಲ್ಲಿಯೂ ನಡೆಯಬೇಕು. ಹಾಗೆಯೇ, ಗುಂಡಿಯನ್ನು ತಾಳುವ ಟೈರು ಬಂದಿತೆಂದು ಗುಂಡಿಯನ್ನು ಮುಚ್ಚುವ ಕರ್ತವ್ಯವನ್ನು ಯಾರೂ ಮರೆಯಬಾರದು. ಟೈರು ತಾಳಿದರೂ ಒಳಗೆ ಮಲಗಿರುವ ರೋಗಿಯ ಎದೆ ತಾಳಬೇಕಷ್ಟೆ.

ಆ ದಿನ ಬರುವವರೆಗೆ ನಮ್ಮ ವಿಜ್ಞಾಪನೆ ಇಷ್ಟೇ. ಇಂದು ರಾತ್ರಿ ಮಲಗುವ ಮುನ್ನವೋ ನಾಳೆ ಬೆಳಗ್ಗೆಯೋ, ನಿಮ್ಮ ಗಾಡಿಯ ಬದಲಿ ಚಕ್ರವನ್ನು ಒಮ್ಮೆ ಒತ್ತಿ ನೋಡಿರಿ. ಅದರಲ್ಲಿ ಗಾಳಿಯಿದ್ದರೆ ನಮ್ಮ ಈ ಭಾಷಣ ಸಾರ್ಥಕವಾಯಿತು. ಇಲ್ಲದಿದ್ದರೆ ಇನ್ನೂ ಹೆಚ್ಚು ಸಾರ್ಥಕವಾಯಿತು.