ಸಂದರ್ಶನದ ಮರುಪ್ರಶ್ನೆ

ಉದ್ಯೋಗ ಸಂದರ್ಶನದಲ್ಲಿ ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಕೆಲವೇ. ನಿಮ್ಮ ಬಗ್ಗೆ ಹೇಳಿ, ಈ ಕೆಲಸವೇ ಏಕೆ, ಹಿಂದಿನ ಕೆಲಸ ಏಕೆ ಬಿಟ್ಟಿರಿ, ನಿಮ್ಮ ದೌರ್ಬಲ್ಯವೇನು, ಎಷ್ಟು ಸಂಬಳ ಬೇಕು: ಬ್ಯಾಂಕಿನಿಂದ ಸಾಫ್ಟ್‌ವೇರ್ ಕಂಪನಿಯವರೆಗೆ ಇವೇ ತಿರುತಿರುಗಿ ಬರುತ್ತವೆ. ಆದರೂ ಅಭ್ಯರ್ಥಿಗಳು ಪದೇ ಪದೇ ತೋಡಿಕೊಳ್ಳುವ ಅಳಲು ಒಂದೇ. ಉತ್ತರಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡು ಹೋದರೂ ಅಲ್ಲಿ ಮಾತು ತಡವರಿಸುತ್ತದೆ. ಆ ತಡವರಿಕೆಗೆ ಬಾಯಿಪಾಠವೇ ಮುಖ್ಯ ಕಾರಣ.

ಎಲ್ಲರಿಗೂ ಒಂದೇ ಪ್ರಶ್ನೆ ಕೇಳುವುದರ ಹಿಂದೆ ಲೆಕ್ಕಾಚಾರವಿದೆ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಫ್ರಾಂಕ್ ಶ್ಮಿಟ್ ಮತ್ತು ಜಾನ್ ಹಂಟರ್ 1998ರಲ್ಲಿ, 85 ವರ್ಷಗಳ ಸಂಶೋಧನೆಗಳನ್ನು ಒಟ್ಟುಗೂಡಿಸಿ ನೋಡಿದರು. ಮನಬಂದಂತೆ ಮಾತಾಡಿಸುವ ಸಂದರ್ಶನಕ್ಕಿಂತ ನಿಗದಿತ ಪ್ರಶ್ನೆಗಳ ಸಂದರ್ಶನವೇ ಮುಂದಿನ ಕೆಲಸದ ಗುಣಮಟ್ಟವನ್ನು ಹೆಚ್ಚು ಸರಿಯಾಗಿ ಸೂಚಿಸುತ್ತದೆ ಎಂಬುದು ಅವರ ತೀರ್ಮಾನ. ಪ್ರಶ್ನೆ ಒಂದೇ ಆದಾಗ ಅಭ್ಯರ್ಥಿಗಳನ್ನು ಹೋಲಿಸುವುದು ಸುಲಭ.

ಆದರೆ ಅಭ್ಯರ್ಥಿಯ ನಿಜವಾದ ಪರೀಕ್ಷೆ ನಡೆಯುವುದು ಮರುಪ್ರಶ್ನೆಯಲ್ಲಿ. ಬಿ.ಕಾಂ. ಓದಿದವರೊಬ್ಬರು ಊರಿನ ಹಾಲು ಉತ್ಪಾದಕರ ಸಹಕಾರ ಸಂಘದಲ್ಲಿ ಲೆಕ್ಕ ಬರೆದಿದ್ದಾರೆ ಎಂದುಕೊಳ್ಳೋಣ. "ಎಲ್ಲರೊಂದಿಗೂ ಹೊಂದಿಕೊಂಡು ದುಡಿಯುತ್ತೇನೆ" ಎಂದು ಅವರು ಒಪ್ಪಿಸಿದ ಕೂಡಲೇ "ಹೊಂದಿಕೊಳ್ಳುವುದು ಕಷ್ಟವಾದ ಒಂದು ಸಂದರ್ಭ ಹೇಳಿ" ಎಂಬ ಮರುಪ್ರಶ್ನೆ ಬರುತ್ತದೆ. ಉರು ಹಚ್ಚಿದ ಉತ್ತರದಲ್ಲಿ ಅದಿಲ್ಲ, ಮಾತು ನಿಲ್ಲುತ್ತದೆ. ಅದರ ಬದಲು, "ಹಾಲಿನಲ್ಲಿ ಫ್ಯಾಟ್ ಕಡಿಮೆ ಬಂತೆಂದು ರೈತರೊಬ್ಬರು ತಕರಾರು ತೆಗೆದರು. ಅವರೆದುರಿಗೇ ಇನ್ನೊಮ್ಮೆ ಪರೀಕ್ಷೆ ಮಾಡಿಸಿ, ಬಂದದ್ದನ್ನು ಪುಸ್ತಕದಲ್ಲಿ ಬರೆದೆ" ಎಂದು ಅವರು ಹೇಳಿದ್ದರೆ ಎಷ್ಟು ಮರುಪ್ರಶ್ನೆ ಬಂದರೂ ಹೆದರಬೇಕಿಲ್ಲ. ನಡೆದದ್ದು ಮನಸ್ಸಿನಲ್ಲಿದೆ, ಯಾವ ಕಡೆಯಿಂದ ಕೇಳಿದರೂ ಹೇಳಬಹುದು.

ಗೈಡುಗಳೂ ಯೂಟ್ಯೂಬ್ ಪಾಠಗಳೂ ಮಾದರಿ ಉತ್ತರಗಳನ್ನು ಹಂಚುತ್ತಲೇ ಇವೆ. "ಎಲ್ಲವೂ ಪರಿಪೂರ್ಣವಾಗಿರಬೇಕೆಂಬ ಹಟವೇ ನನ್ನ ದೌರ್ಬಲ್ಯ" ಎಂಬ ವಾಕ್ಯವನ್ನು ಒಂದೇ ದಿನ ಹಲವರ ಬಾಯಲ್ಲಿ ಕೇಳಿದ ಸಂದರ್ಶಕರು ಅದನ್ನು ನಂಬುವುದಿಲ್ಲ. ಮೇಜಿನ ಆ ಬದಿಯಲ್ಲಿ ಕುಳಿತವರಿಗೆಲ್ಲ ಇದು ಅನುಭವದ ಮಾತು. ಎರವಲು ವಾಕ್ಯ ಮೊದಲ ಪ್ರಶ್ನೆಯನ್ನಷ್ಟೇ ದಾಟಿಸುತ್ತದೆ, ಎರಡನೆಯದರಲ್ಲಿ ಕೈಕೊಡುತ್ತದೆ. ಬಾಯಿಪಾಠ ಬೇಡ ಎಂದು ಎಷ್ಟು ಸಲ ಹೇಳಿದರೂ ಕಡಿಮೆಯೇ.

ಸಿದ್ಧಪಡಿಸಿಕೊಳ್ಳಬೇಕಾದದ್ದು ಘಟನೆಗಳನ್ನು. ಓದು, ಕೆಲಸ, ಮನೆ, ಊರು, ಎಲ್ಲಿಂದಾದರೂ ಐದಾರು ಘಟನೆಗಳನ್ನು ಆರಿಸಿ, ಪ್ರತಿಯೊಂದಕ್ಕೂ ನಾಲ್ಕು ಅಂಶ ಬರೆದುಕೊಂಡರೆ ಸಾಕು: ಸಂದರ್ಭ, ತನ್ನ ಹೊಣೆ, ತಾನು ಮಾಡಿದ್ದು, ಅದರ ಫಲ. ಪೂರ್ಣ ವಾಕ್ಯ ಬರೆದರೆ ಅದು ಮತ್ತೆ ಬಾಯಿಪಾಠವಾಗುತ್ತದೆ. ಬಳಿಕ ಸ್ನೇಹಿತರ ಮುಂದೆ ಗಟ್ಟಿಯಾಗಿ ಹೇಳಿ, "ಏಕೆ", "ಹೇಗೆ", "ಆಮೇಲೆ" ಎಂದು ಅವರಿಂದ ಕೇಳಿಸಿಕೊಳ್ಳಬೇಕು. ಸಂಕೋಚದಿಂದ ಎಲ್ಲವನ್ನೂ "ನಾವು ಮಾಡಿದೆವು" ಎನ್ನುವ ರೂಢಿ ನಮ್ಮಲ್ಲಿದೆ. ತಾನು ಮಾಡಿದ್ದನ್ನು "ನಾನು" ಎಂದು ಹೇಳುವುದು ಜಂಬವಲ್ಲ. ಕೇಳುವವರಿಗೆ ಬೇಕಾದದ್ದೇ ಅದು.

ಉಳಿದ ಪ್ರಶ್ನೆಗಳಿಗೆ ನೇರ ಮಾತು ಸಾಕು. ದೌರ್ಬಲ್ಯ ನಿಜವಾದದ್ದಿರಲಿ, ತಿದ್ದಿಕೊಳ್ಳಲು ಮಾಡುತ್ತಿರುವುದನ್ನೂ ಹೇಳಬೇಕು. ಓದು ಅಥವಾ ಕೆಲಸದ ನಡುವೆ ವರ್ಷ ಕಳೆದಿದ್ದರೆ ಕಾರಣವನ್ನು ಒಂದೆರಡು ವಾಕ್ಯದಲ್ಲಿ ತಿಳಿಸಿದರಾಯಿತು. ಹಳೆಯ ಮೇಲಧಿಕಾರಿಯ ಮೇಲೆ ದೂರು ಬೇಡ. ಸಂಬಳದ ಮೊತ್ತ ಹೇಳುವ ಮೊದಲು ಆ ಹುದ್ದೆಗೆ ಆ ಊರಿನಲ್ಲಿ ಸಿಗುವುದೆಷ್ಟು ಎಂದು ವಿಚಾರಿಸಿರಬೇಕು.

ಇಂಗ್ಲಿಷ್ ಸರಾಗವಾಗಿ ಬಾರದವರಿಗೆ ಕೆಲಸವೇ ಇಲ್ಲ ಎಂಬುದು ತಪ್ಪು ತಿಳಿವಳಿಕೆ. ಕೇಂದ್ರ ಲೋಕಸೇವಾ ಆಯೋಗದ ನಾಗರಿಕ ಸೇವಾ ಪರೀಕ್ಷೆಯ ಒಟ್ಟು 2025 ಅಂಕಗಳಲ್ಲಿ 275 ಸಂದರ್ಶನಕ್ಕಿವೆ. ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆದವರು ಆ ಸಂದರ್ಶನವನ್ನೂ ಕನ್ನಡದಲ್ಲೇ ಎದುರಿಸಬಹುದು. ಇಂಗ್ಲಿಷ್ ಬೇಕೇ ಬೇಕಾದ ಕಡೆಯೂ ಚಿಕ್ಕ, ಸರಳ ವಾಕ್ಯ ಸಾಕಾಗುತ್ತದೆ.

ಸಂದರ್ಶನಕ್ಕೆ ಹೊರಡುವ ಯುವಕ ಯುವತಿಯರು ಮಾದರಿ ಉತ್ತರಗಳ ಪುಸ್ತಕ ಬದಿಗಿಟ್ಟು, ತಾವು ಮಾಡಿದ ಕೆಲಸಗಳ ಪಟ್ಟಿಯನ್ನು ಇಂದೇ ಬರೆಯತೊಡಗಲಿ.