ಚಿತ್ರದಾಗಿನ ರೈತ, ಹೊಲದಾಗಿನ ಕೂಲಿ
(ತಳಕಲ್ಲಿನ ಬೆಳ್ಳಿಹಬ್ಬದ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಆಡಿದ ಮಾತು)



ಸಾಲ, ಬೀಜ, ಗೊಬ್ಬರದ ಮಾತು ನಾವು ಸಂಘದಾಗ ದಿನಾ ಆಡ್ತೇವಿ. ಇವತ್ತು ದುಡಿಯುವ ಮಂದಿಯನ್ನು ಕಲೆ ಹ್ಯಾಂಗ ತೋರಿಸೈತಿ ಎಂಬುದನ್ನು ಸ್ವಲ್ಪ ವಿಚಾರ ಮಾಡೋಣ.

ರೈತ ಅಂದಕೂಡಲೇ ನಮ್ಮ ಕಣ್ಣಿಗೆ ಕಟ್ಟುವುದು ತಲೆಗೆ ರುಮಾಲು, ಹೆಗಲಿಗೆ ನೇಗಿಲು, ಮುಂದೆ ಜೋಡೆತ್ತು. ಕುವೆಂಪು ಅವರು ಉಳುವವನನ್ನು ಯೋಗಿ ಎಂದು ಕರೆದು ದೊಡ್ಡ ಮರ್ಯಾದೆ ಕೊಟ್ಟರು. 1972ರ ‘ಬಂಗಾರದ ಮನುಷ್ಯ’ ಸಿನಿಮಾದಾಗ ಡಾ. ರಾಜಕುಮಾರ್ ಬಂಜರು ಭೂಮಿ ಹಸನು ಮಾಡಿದ್ದನ್ನು ನೋಡಿ ನಮ್ಮ ಮಂದಿ ಹಿಗ್ಗಿದರು. ಬೇಕಾದದ್ದೇ. ಆದರೆ ಉಳಲಿಕ್ಕೆ ಹೊಲವೇ ಇಲ್ಲದವನ ಕಥೆ ಏನು?

ಆ ಕಥೆಯನ್ನು ಶಿವರಾಮ ಕಾರಂತರು 1933ರಲ್ಲಿ ‘ಚೋಮನ ದುಡಿ’ ಕಾದಂಬರಿಯಲ್ಲಿ ಹೇಳಿದರು. ಚೋಮನಿಗೆ ಎತ್ತು ಇದ್ದವು, ತೋಳಿನಾಗ ಕಸುವಿತ್ತು. ತನ್ನದೊಂದು ತುಂಡು ಭೂಮಿ ಉಳಬೇಕೆಂಬ ಆಸೆಗೆ ಜಾತಿ ಅಡ್ಡ ಬಂತು. ಆಸೆ ಕೈಗೂಡಲೇ ಇಲ್ಲ. ಬಿ.ವಿ. ಕಾರಂತರು 1975ರಲ್ಲಿ ಇದನ್ನು ಸಿನಿಮಾ ಮಾಡಿದರು. ಅದಕ್ಕೆ ಸ್ವರ್ಣ ಕಮಲ ಪ್ರಶಸ್ತಿಯೂ ಬಂತು.

ಇವೆಲ್ಲ ದುಡಿಯುವವರ ಬಗ್ಗೆ ಬಲ್ಲವರು ಮಾಡಿದ ಕಲೆ. ದುಡಿಯುವವರೇ ಕಟ್ಟಿದ ಕಲೆ ನಮ್ಮ ಸೀಮೆಯಾಗೇ ಐತಿ. ಕಣದ ಮೇಟಿ ಸುತ್ತ ಎತ್ತು ತಿರುಗಿಸುತ್ತ ರಾತ್ರಿಯೆಲ್ಲ ಹೇಳುತ್ತಿದ್ದ ಹಂತಿ ಪದ, ನಸುಕಿನಾಗ ಜ್ವಾಳ ಬೀಸುತ್ತ ತಾಯಂದಿರು ಹೇಳುತ್ತಿದ್ದ ಬೀಸೋ ಪದ. ನಿದ್ದಿ ತಡೆಯಲಿಕ್ಕೆ, ದಣಿವು ಮರೆಯಲಿಕ್ಕೆ ಆ ಹಾಡು ಬೇಕಿತ್ತು. ನೇಗಿಲು, ಕುಂಟಿಯಂತೆ ಹಾಡೂ ಒಂದು ಒಕ್ಕಲುತನದ ಸಾಮಾನೇ. ಹಿಟ್ಟಿನ ಗಿರಣಿ ಬಂತು, ಬೀಸೋಕಲ್ಲು ಮೂಲಿ ಸೇರಿತು. ರಾಶಿ ಮಶಿನ್ ಬಂತು, ಹಂತಿ ನಿಂತಿತು. ಮೈ ಹಗುರಾತು, ಅದು ಒಳ್ಳೇದೇ. ಆದರೆ ಪದ ಬಲ್ಲ ಹಿರಿಯರು ಒಬ್ಬೊಬ್ಬರೇ ಹೊಂಟಾರ.

ಇನ್ನೊಂದು ಮಾತು. ಕಳೆ ತೆಗೆಯುವವರು, ಹತ್ತಿ ಬಿಡಿಸುವವರು, ಮೆಣಸಿನಕಾಯಿ ಹರಿಯುವವರು ಬಹುತೇಕ ಹೆಣ್ಣುಮಕ್ಕಳು. ರೈತನ ಚಿತ್ರದಾಗ ಅವರು ಬಂದರೆ ಬುತ್ತಿ ಹೊತ್ತು ಬರುತ್ತಾರೆ, ಅಷ್ಟೇ. ಬೆಳೆಸಾಲ ಪಹಣಿ ನೋಡಿ ಕೊಡುವಂಥದ್ದು. ಪಹಣಿ ಇಲ್ಲದ ಕೂಲಿ ತಾಯಿ ಚಿತ್ರದಾಗೂ ಇಲ್ಲ, ಖಾತೆ ಪುಸ್ತಕದಾಗೂ ಇಲ್ಲ.

ಅದಕ್ಕೆ ನಮ್ಮ ಅರಿಕೆ ಇಷ್ಟೇ. ಬೆಳ್ಳಿಹಬ್ಬದ ನೆನಪಿಗೆ ಸಂಘದ ಗೋಡೆ ಮೇಲೆ ಚಿತ್ರ ಬರೆಸುವುದಾದರೆ ಜೋಡೆತ್ತಿನ ಪಕ್ಕ ಕುರ್ಪಿ ಹಿಡಿದ ತಾಯಿಯೂ ಇರಲಿ. ಸ್ವಸಹಾಯ ಗುಂಪುಗಳ ಮೂಲಕ ಅಂಥ ತಾಯಂದಿರು ಸಂಘದ ಒಳಗೂ ಬರಲಿ. ಹುಡುಗರು ಮನೆಯ ಹಿರಿಯರ ಪದಗಳನ್ನು ಮೊಬೈಲಿನಾಗ ತುಂಬಿಡಲಿ.