ಸಹಾಯಾರ್ಥ ನಾಟಕ ಮತ್ತು ಉಚಿತ ಪಾಸು



ಸಹಾಯಾರ್ಥ ನಾಟಕವೆಂದೊಡನೆ ನಮ್ಮಲ್ಲಿ ಮೊದಲು ಸಿದ್ಧವಾಗುವುದು ಗಣ್ಯರ ಪಟ್ಟಿ, ಲೆಕ್ಕವೇನಿದ್ದರೂ ಆಮೇಲೆ. ಸಭಾಂಗಣದ ಬಾಡಿಗೆ, ತಂಡದ ರೈಲು ಪ್ರಯಾಣ, ಊಟ-ವಸತಿ, ಬೆಳಕು ಇವು ಒಬ್ಬನೇ ಪ್ರೇಕ್ಷಕ ಬಂದರೂ ತಪ್ಪದ ವೆಚ್ಚಗಳು. 90,000 ರೂಪಾಯಿ ಎಂದಿಟ್ಟುಕೊಳ್ಳಿ. ಟಿಕೆಟು 300, ತಲೆಗೆ ತಿಂಡಿ, ಮುದ್ರಣಕ್ಕೆಂದು 60. ಉಳಿಯುವ 240ರಿಂದ ಆ ಮೊತ್ತವನ್ನು ಭಾಗಿಸಿದರೆ 375. ಅಷ್ಟು ಟಿಕೆಟು ಮಾರಿದಾಗ ಲಾಭವೂ ಇಲ್ಲ, ನಷ್ಟವೂ ಇಲ್ಲ. ಮಕ್ಕಳ ಕನ್ನಡ ತರಗತಿಗೆ 30,000 ಉಳಿಯಬೇಕಾದರೆ 500 ಮಾರಬೇಕು.

ಸಭಾಂಗಣದಲ್ಲಿರುವುದೇ 500 ಆಸನವಾದರೆ? 150 ಉಚಿತ ಪಾಸು ಹಂಚಿದಲ್ಲಿ, ಪಾಸಿನವರೂ ತಿಂಡಿ ತಿನ್ನುವುದರಿಂದ (ತಿನ್ನದಿರುವರೇ?), ಸಭಾಂಗಣ ಕಿಕ್ಕಿರಿದರೂ 15,000 ನಷ್ಟ. ಜಾಹೀರಾತುದಾರರಿಗೆ ಕೊಡುವ ಪಾಸಿನ ಬೆಲೆಯನ್ನು ಜಾಹೀರಾತಿನ ದರದಲ್ಲಿಯೇ ಸೇರಿಸಿರಿ. ತಂಡಕ್ಕೆ ಮುಂಗಡ ಕೊಡುವ ಮೊದಲೇ ಈ ಭಾಗಾಕಾರ ಕಾರ್ಯಕಾರಿ ಸಮಿತಿಯ ಮುಂದೆ ಬರಲಿ.